ಮೇ 10ರ ಮಧ್ಯಾಹ್ನದ ಏರು: ಮಲೆನಾಡಿನ ಒಂದು ತೋಟದಲ್ಲಿ ದಾಖಲಾದ 19.8 ಕಿಲೋಹರ್ಟ್ಸ್ ಸಂಕೇತದ ಪ್ರಕರಣ ಅಧ್ಯಯನ

2024ರ ಮೇ 10, ಶುಕ್ರವಾರ, ಬಸವ ಜಯಂತಿಯ ದಿನ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಆಗುಂಬೆ ರಸ್ತೆಯಿಂದ ಒಳಕ್ಕೆ ಇಳಿದುಹೋಗುವ ಒಂದು ಕಣಿವೆಯಲ್ಲಿ ನನ್ನ ಗೆಳೆಯರೊಬ್ಬರ ಅಡಿಕೆ ತೋಟವಿದೆ. ಆ ತೋಟದ ಮನೆಯಲ್ಲಿ ಅವರು ಹವ್ಯಾಸಕ್ಕಾಗಿ ಅತಿ ಕಡಿಮೆ ಆವರ್ತನದ ರೇಡಿಯೋ ಸಂಕೇತಗಳನ್ನು ಹಗಲಿರುಳು ದಾಖಲಿಸುತ್ತಾರೆ; ಆ ದಾಖಲೆಗಳನ್ನು ಶಿವಮೊಗ್ಗದಲ್ಲಿ ಕುಳಿತು ಓದಿ, ವಿಂಗಡಿಸಿ, ಇಟ್ಟುಕೊಳ್ಳುವ ಕೆಲಸ ನನ್ನದು. ಆ ದಿನ ಮಧ್ಯಾಹ್ನ ಹನ್ನೆರಡರ ಆಸುಪಾಸಿನಲ್ಲಿ 19.8 ಕಿಲೋಹರ್ಟ್ಸ್ ಸಂಕೇತದ ಬಲವನ್ನು ತೋರಿಸುವ ರೇಖೆ ತನ್ನ ಎಂದಿನ ಹಗಲಿನ ಮಟ್ಟವನ್ನು ಬಿಟ್ಟು ಮೇಲೇರತೊಡಗಿತು. ಹನ್ನೆರಡು ಗಂಟೆ ಇಪ್ಪತ್ತನಾಲ್ಕು ನಿಮಿಷ ಕಳೆದು ಸ್ವಲ್ಪ ಹೊತ್ತಿಗೆ ತುದಿ ಮುಟ್ಟಿ, ಆಮೇಲೆ ಒಂದು ಗಂಟೆಗೂ ಮೀರಿ ನಿಧಾನವಾಗಿ ಇಳಿದು ಹಳೆಯ ಮಟ್ಟಕ್ಕೆ ಬಂದು ನಿಂತಿತು. ಈ ಏರಿಗೆ ಕಾರಣ ತೋಟದಲ್ಲಿತ್ತೇ, ಸಾವಿರಾರು ಕಿಲೋಮೀಟರ್ ಆಚೆಯ ಪ್ರೇಷಕದಲ್ಲಿತ್ತೇ, ಅಥವಾ ಇವೆರಡರ ನಡುವಿನ ಆಕಾಶದಲ್ಲಿತ್ತೇ ಎಂಬ ಪ್ರಶ್ನೆಗೆ ಉತ್ತರ ಕಂಡುಕೊಂಡ ಬಗೆಯನ್ನು ಇಲ್ಲಿ ಬರೆದಿದ್ದೇನೆ. ಉತ್ತರ ಇಂದು ಯಾರಿಗಾದರೂ ಸುಲಭವಾಗಿ ಊಹಿಸಲು ಬರುವಂಥದ್ದು. ಊಹೆಯಿಂದ ದಾಖಲೆಗೆ ಹೋಗುವ ದಾರಿ ಅಷ್ಟು ಸುಲಭವಲ್ಲ, ಮತ್ತು ಈ ಹವ್ಯಾಸದ ನಿಜವಾದ ಕೆಲಸ ಇರುವುದು ಆ ದಾರಿಯಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಂಕೇತ ಬರುವ ದಾರಿ

19.8 ಕಿಲೋಹರ್ಟ್ಸ್ ಪಶ್ಚಿಮ ಆಸ್ಟ್ರೇಲಿಯಾದ ಎಕ್ಸ್‌ಮತ್ ಬಳಿಯ ಹೆರಾಲ್ಡ್ ಇ. ಹೋಲ್ಟ್ ನೌಕಾ ಸಂವಹನ ಕೇಂದ್ರದ ಆವರ್ತನ. ಎನ್‌ಡಬ್ಲ್ಯೂಸಿ ಎಂಬ ಕರೆ ಸಂಕೇತದ ಈ ಕೇಂದ್ರದ ಶಕ್ತಿ ಸುಮಾರು ಒಂದು ಮೆಗಾವಾಟ್. ಮುಳುಗಿರುವ ಜಲಾಂತರ್ಗಾಮಿಗಳಿಗೆ ಸಂದೇಶ ಕಳುಹಿಸುವುದು ಅದರ ಉದ್ದೇಶ. ಇಷ್ಟು ಕಡಿಮೆ ಆವರ್ತನದ ಅಲೆಗಳು ಮಾತ್ರ ಸಮುದ್ರದ ಉಪ್ಪುನೀರಿನೊಳಗೆ ಸ್ವಲ್ಪ ಆಳಕ್ಕಾದರೂ ಇಳಿಯಬಲ್ಲವು. ಸಂದೇಶಗಳು ಗೂಢಲಿಪಿಯಲ್ಲಿರುತ್ತವೆ ಮತ್ತು ಅವುಗಳ ಒಳಗಿನ ವಿಷಯಕ್ಕೂ ನಮಗೂ ಯಾವ ಸಂಬಂಧವೂ ಇಲ್ಲ. ನಾವು ಅಳೆಯುವುದು ಆ ಅಲೆ ಇಲ್ಲಿಗೆ ತಲುಪಿದಾಗ ಅದರಲ್ಲಿ ಉಳಿದಿರುವ ಬಲವನ್ನು ಮಾತ್ರ.

ಎಕ್ಸ್‌ಮತ್‌ನಿಂದ ತೀರ್ಥಹಳ್ಳಿಗೆ ಭೂಮಿಯ ಮೈಮೇಲೆ ನೇರ ಅಳೆದರೆ ಸುಮಾರು 5,800 ಕಿಲೋಮೀಟರ್, ಬಹುಪಾಲು ಹಿಂದೂ ಮಹಾಸಾಗರದ ಮೇಲೆ. ಅಲೆ ಬರುವುದು ಆಗ್ನೇಯ ದಿಕ್ಕಿನಿಂದ. ಘಟ್ಟದ ಸೀಮೆಯ ಕಣಿವೆಯಲ್ಲಿ ಮೊಬೈಲ್ ಸಂಕೇತವೇ ಸರಿಯಾಗಿ ಸಿಗದಿರುವಾಗ ಆಸ್ಟ್ರೇಲಿಯಾದ ಸಂಕೇತ ಹೇಗೆ ಸಿಗುತ್ತದೆ ಎಂದು ತೋಟಕ್ಕೆ ಬಂದವರೆಲ್ಲ ಕೇಳುತ್ತಾರೆ. ಇದಕ್ಕೆ ಉತ್ತರ ಅಲೆಯ ಉದ್ದದಲ್ಲಿದೆ. ಮೊಬೈಲ್ ಬಳಸುವ 900 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು ಒಂದೂವರೆ ಗೇಣು. ಎದುರಿಗೆ ಗುಡ್ಡ ಬಂದರೆ ಅದರ ನೆರಳಿನಲ್ಲಿ ಏನೂ ಉಳಿಯುವುದಿಲ್ಲ. ಭದ್ರಾವತಿ ಆಕಾಶವಾಣಿಯ ಮಧ್ಯಮ ತರಂಗದ ಆವರ್ತನವಾದ 675 ಕಿಲೋಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 444 ಮೀಟರ್. 19.8 ಕಿಲೋಹರ್ಟ್ಸ್‌ನಲ್ಲಿ ಅದು 15 ಕಿಲೋಮೀಟರಿಗೂ ಹೆಚ್ಚು. ಇಷ್ಟು ಉದ್ದದ ಅಲೆಗೆ ಸಹ್ಯಾದ್ರಿಯ ಶಿಖರಗಳು ಲೆಕ್ಕಕ್ಕೆ ಬರುವಷ್ಟು ದೊಡ್ಡ ತಡೆಯಲ್ಲ.

ಈ ಅಲೆ ಕೆಳಗೆ ನೆಲ ಅಥವಾ ಸಮುದ್ರ, ಮೇಲೆ ಅಯಾನುಗೋಳದ (ವಾತಾವರಣದ ಮೇಲ್ಭಾಗದಲ್ಲಿ ವಿದ್ಯುದಾವೇಶದ ಕಣಗಳಿರುವ ವಲಯದ) ತಳಪದರ, ಇವೆರಡರ ನಡುವಿನ ಎಡೆಯಲ್ಲಿ ಹರಿದು ಬರುತ್ತದೆ. ಡಿ ಪದರ ಎಂದು ಕರೆಯಲಾಗುವ ಆ ತಳಪದರ ಹಗಲಿನಲ್ಲಿ ಸೂರ್ಯನ ವಿಕಿರಣದಿಂದ ರೂಪುಗೊಂಡು ಸುಮಾರು 70 ಕಿಲೋಮೀಟರ್ ಎತ್ತರದಲ್ಲಿ ಅಲೆಯನ್ನು ಹಿಂದಕ್ಕೆ ಮರಳಿಸುತ್ತದೆ. ರಾತ್ರಿ ಆ ಪದರ ಕರಗಿ, ಮರಳಿಕೆ ನಡೆಯುವ ಎತ್ತರ 85 ಕಿಲೋಮೀಟರಿನ ಆಸುಪಾಸಿಗೆ ಏರುತ್ತದೆ. ಹೀಗಾಗಿ ಸಂಕೇತದ ಬಲದಲ್ಲಿ ಆಗುವ ಪ್ರತಿಯೊಂದು ಬದಲಾವಣೆಯೂ ದಾರಿಯುದ್ದಕ್ಕೂ ಇರುವ ಆ ಪದರದ ಸ್ಥಿತಿಯ ವರದಿಯಾಗಿರುತ್ತದೆ. ಬಲೂನು ಹೋಗಲಾರದ, ಉಪಗ್ರಹ ನಿಲ್ಲಲಾರದ ಈ ಎತ್ತರದ ಸ್ಥಿತಿಯನ್ನು ಅಡಿಕೆ ತೋಟದಲ್ಲಿ ಕುಳಿತು ಅರಿಯಬಹುದು ಎಂಬ ಸಂಗತಿ ನನ್ನನ್ನು ಇಂದಿಗೂ ಬೆರಗಿನಲ್ಲಿಟ್ಟಿದೆ.

ಉಪಕರಣ ಮತ್ತು ಎಂದಿನ ರೇಖೆ

ಉಪಕರಣದಲ್ಲಿ ದುಬಾರಿಯಾದದ್ದು ಏನೂ ಇಲ್ಲ. ಅಡಿಕೆ ದಬ್ಬೆಗಳನ್ನು ಅಡ್ಡಡ್ಡ ಕಟ್ಟಿ ಮಾಡಿದ, ಮಗ್ಗುಲಿಗೆ ಸುಮಾರು ಒಂದು ಮೀಟರ್ ಇರುವ ಚೌಕಟ್ಟಿಗೆ ಮೋಟಾರ್ ರಿವೈಂಡಿಂಗ್ ಅಂಗಡಿಯಿಂದ ತಂದ ಎನಾಮೆಲ್ ತಾಮ್ರದ ತಂತಿಯನ್ನು ಹತ್ತಾರು ಸುತ್ತು ಸುತ್ತಿ ಲೂಪ್ ಆಂಟೆನಾ ಮಾಡಲಾಗಿದೆ. ಅದು ಮನೆಯಿಂದ ದೂರವಿರುವ ಹಳೆಯ ಕೊಟ್ಟಿಗೆಯ ಅಟ್ಟದಲ್ಲಿದೆ. ಹೆಂಚಿನ ಮಾಡು ಇಂತಹ ಅಲೆಗೆ ಅಡ್ಡಿಯಲ್ಲ. ಅಲ್ಲಿಂದ ಕವಚವಿರುವ ಕೇಬಲ್ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಮೂಲಕ ಲ್ಯಾಪ್‌ಟಾಪ್‌ನ ಸೌಂಡ್ ಕಾರ್ಡಿಗೆ ಸೇರುತ್ತದೆ. 20 ಕಿಲೋಹರ್ಟ್ಸ್ ಎಂಬುದು ಧ್ವನಿಯ ಆವರ್ತನಗಳ ಅಂಚಿನಲ್ಲೇ ಇರುವುದರಿಂದ, ಸೆಕೆಂಡಿಗೆ 48,000 ಬಾರಿ ಮಾದರಿ ತೆಗೆಯುವ ಸಾಮಾನ್ಯ ಸೌಂಡ್ ಕಾರ್ಡೇ 24 ಕಿಲೋಹರ್ಟ್ಸ್‌ವರೆಗಿನ ಗ್ರಾಹಕವಾಗಿ ಕೆಲಸ ಮಾಡುತ್ತದೆ. ಸ್ಪೆಕ್ಟ್ರಮ್ ಲ್ಯಾಬ್ ಎಂಬ ಉಚಿತ ತಂತ್ರಾಂಶ ಆಯ್ದ ಆವರ್ತನಗಳ ಬಲವನ್ನು ಕೆಲವೇ ಸೆಕೆಂಡಿಗೊಮ್ಮೆ ಬರೆದಿಡುತ್ತದೆ. ಕಣಿವೆಯಲ್ಲಿ ಇಂಟರ್ನೆಟ್ ನೆಚ್ಚಿಕೊಳ್ಳುವಂತಿಲ್ಲದ ಕಾರಣ ಗಡಿಯಾರವನ್ನು ಜಿಪಿಎಸ್ ಮೂಲಕ ಸರಿಹೊಂದಿಸಲಾಗುತ್ತದೆ. ನಿಮಿಷಗಳ ಅಂತರವೇ ನಿರ್ಣಾಯಕವಾಗುವ ಈ ಕೆಲಸದಲ್ಲಿ ಆಂಟೆನಾಗಿಂತಲೂ ಗಡಿಯಾರಕ್ಕೆ ಹೆಚ್ಚು ಗಮನ ಕೊಡಬೇಕು ಎಂದು ಹೊಸಬರಿಗೆ ಹೇಳಬಯಸುತ್ತೇನೆ.

ಲೂಪ್ ಆಂಟೆನಾ ತನ್ನ ಸಮತಲದ ದಿಕ್ಕಿನಿಂದ ಬರುವ ಅಲೆಯನ್ನು ಚೆನ್ನಾಗಿ ಹಿಡಿಯುತ್ತದೆ, ಅದಕ್ಕೆ ಅಡ್ಡಲಾಗಿ ಬರುವುದನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಮೊದಲ ಲೂಪ್ ಆಗ್ನೇಯಕ್ಕೆ ಮುಖಮಾಡಿದೆ. ಅದಕ್ಕೆ ಲಂಬವಾಗಿ ಈಶಾನ್ಯಕ್ಕೆ ನಿಲ್ಲಿಸಿದ ಎರಡನೆಯ ಲೂಪ್ ಸೌಂಡ್ ಕಾರ್ಡಿನ ಇನ್ನೊಂದು ವಾಹಿನಿಗೆ ಸೇರಿದೆ; ಜಪಾನಿನ ಎಬಿನೊದಿಂದ 22.2 ಕಿಲೋಹರ್ಟ್ಸ್‌ನಲ್ಲಿ ಪ್ರಸಾರವಾಗುವ ಜೆಜೆಐ ಸಂಕೇತವನ್ನು ಅದು ಹಿಡಿಯುತ್ತದೆ. ಆ ದಾರಿ ಸುಮಾರು 6,000 ಕಿಲೋಮೀಟರ್, ಮತ್ತು ಬಹುಪಾಲು ಭೂಭಾಗದ ಮೇಲೆ. ತಮಿಳುನಾಡಿನ ವಿಜಯನಾರಾಯಣದಲ್ಲಿ 1990ರಲ್ಲಿ ಆರಂಭವಾದ ನಮ್ಮ ನೌಕಾಪಡೆಯ ಐಎನ್‌ಎಸ್ ಕಟ್ಟಬೊಮ್ಮನ್ ಕೇಂದ್ರವೂ ಇದೇ ಆವರ್ತನ ಪಟ್ಟಿಯಲ್ಲಿ ಪ್ರಸಾರ ಮಾಡುತ್ತದೆ. 2009ರ ಜುಲೈ 22ರ ಪೂರ್ಣ ಸೂರ್ಯಗ್ರಹಣದ ಸಮಯದಲ್ಲಿ ಕೋಲ್ಕತ್ತದ ಬಾಹ್ಯಾಕಾಶ ಭೌತವಿಜ್ಞಾನ ಸಂಸ್ಥೆಯವರು ದೇಶದ ಹಲವೆಡೆ ಗ್ರಾಹಕಗಳನ್ನಿಟ್ಟು ಅಧ್ಯಯನ ಮಾಡಿದ್ದು ಅದರ 18.2 ಕಿಲೋಹರ್ಟ್ಸ್ ಸಂಕೇತವನ್ನೇ. ತೋಟದಿಂದ ಅದು ಕೇವಲ 650 ಕಿಲೋಮೀಟರ್ ದೂರ. ಅಷ್ಟು ಹತ್ತಿರದಲ್ಲಿ ನೆಲದ ಮೇಲೆ ಬರುವ ಅಲೆಯೂ ಮೇಲಿನಿಂದ ಮರಳಿದ ಅಲೆಯೂ ಬೆರೆತು, ಒಂದೇ ಕಾರಣಕ್ಕೆ ಬಲ ಒಮ್ಮೆ ಏರುವುದೂ ಒಮ್ಮೆ ಇಳಿಯುವುದೂ ಸಾಧ್ಯವಾದ್ದರಿಂದ ಈ ಪ್ರಕರಣದಲ್ಲಿ ಅದನ್ನು ಸಾಕ್ಷಿಯಾಗಿ ತೆಗೆದುಕೊಂಡಿಲ್ಲ.

ಏರನ್ನು ಗುರುತಿಸಬೇಕಾದರೆ ಎಂದಿನ ರೇಖೆ ಹೇಗಿರುತ್ತದೆ ಎಂಬುದು ಬಾಯಿಪಾಠವಾಗಿರಬೇಕು. ಮೇ ತಿಂಗಳ ಆರಂಭದಲ್ಲಿ ಎಕ್ಸ್‌ಮತ್‌ನಲ್ಲಿ ಸೂರ್ಯ ಹುಟ್ಟುವಾಗ ನಮ್ಮಲ್ಲಿ ನಸುಕಿನ ನಾಲ್ಕೂಕಾಲು ಗಂಟೆ. ಇಲ್ಲಿ ಸೂರ್ಯ ಹುಟ್ಟುವಾಗ ಆರು ದಾಟಿರುತ್ತದೆ. ಬೆಳಕಿನ ಗಡಿ ಸಾಗರವನ್ನು ದಾಟಿ ಬರುವ ಈ ಹೊತ್ತಿನಲ್ಲಿ ರೇಖೆ ಆಳವಾಗಿ ತಗ್ಗಿ, ಮತ್ತೆ ಎದ್ದು, ಮತ್ತೆ ತಗ್ಗುತ್ತದೆ. ಬೆಳಗಿನ ಏಳರ ನಂತರ ಅದು ಒಂದು ಹದಕ್ಕೆ ಬಂದು, ಮಧ್ಯಾಹ್ನದವರೆಗೂ ಮೆಲ್ಲನೆ ಬಾಗಿದ ನಯವಾದ ಗೆರೆಯಾಗಿ ಸಾಗುತ್ತದೆ. ನಮ್ಮಲ್ಲಿ ಇನ್ನೂ ಬಿಸಿಲು ಸುಡುತ್ತಿರುವ ಮೂರೂವರೆಗೆ ಮುಂಚೆಯೇ ಅಲ್ಲಿ ಸೂರ್ಯಾಸ್ತವಾಗಿ ಸಂಜೆಯ ಏರಿಳಿತ ಶುರುವಾಗುತ್ತದೆ. ಆದ್ದರಿಂದ ಈ ದಾರಿಯಲ್ಲಿ ನೆಚ್ಚಬಹುದಾದ ಹಗಲು ಎಂದರೆ ಬೆಳಿಗ್ಗೆ ಏಳೂವರೆಯಿಂದ ಮಧ್ಯಾಹ್ನ ಮೂರರವರೆಗೆ ಮಾತ್ರ. ಮೇ 10ರ ಏರು ಬಂದದ್ದು ಈ ಅವಧಿಯ ನಡುವೆಯೇ.

ಸಂದೇಹಗಳ ಪರಿಶೀಲನೆ

ಮಲೆನಾಡಿನ ತೋಟದಲ್ಲಿ ಯಾವ ರೇಖೆ ಏರಿದರೂ ಮೊದಲ ಸಂದೇಹ ಕರೆಂಟಿನ ಮೇಲೆಯೇ. ಬೇಸಿಗೆಯಲ್ಲಿ ಥ್ರೀ ಫೇಸ್ ಬಂದ ಕೂಡಲೇ ಕಣಿವೆಯ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಎಚ್ಚರಗೊಂಡು ತೋಟಗಳಲ್ಲಿ ಜೆಟ್‌ಗಳು ತಿರುಗತೊಡಗುತ್ತವೆ, ಮತ್ತು ಅದರ ಜೊತೆಗೆ ತಂತಿಗಳ ಗದ್ದಲವೂ ಏರುತ್ತದೆ. ಆದರೆ ಆ ಗದ್ದಲಕ್ಕೆ ಸ್ಪಷ್ಟವಾದ ಚಹರೆಯಿದೆ. ಅದು ಒಂದೇ ಕ್ಷಣದಲ್ಲಿ ಮೆಟ್ಟಿಲಿನಂತೆ ಏರಿ, ಸಮತಟ್ಟಾಗಿ ನಿಂತು, ಒಂದೇ ಕ್ಷಣದಲ್ಲಿ ಇಳಿಯುತ್ತದೆ. ವರ್ಣಪಟಲದ ಚಿತ್ರದಲ್ಲಿ ಕರೆಂಟಿನ ಆವರ್ತನವಾದ 50 ಹರ್ಟ್ಸ್‌ನ ಗುಣಕಗಳು ಸಾಲಾಗಿ ಮೂಡುತ್ತವೆ. ಹನ್ನೆರಡರ ಏರಿನಲ್ಲಿ ಈ ಎರಡೂ ಲಕ್ಷಣಗಳು ಇರಲಿಲ್ಲ. ಆದರೂ ವಿಚಾರಿಸದೆ ಬಿಡುವುದು ಸರಿಯಲ್ಲವೆಂದು ಗೆಳೆಯರು ಕೆಳಗಿನ ತೋಟದ ಹಿರಿಯರನ್ನು ಕೇಳಿದಾಗ ಬಂದ ಉತ್ತರ ಹೀಗಿತ್ತು: “ಎಂತ ಮೋಟ್ರು ಮಾರಾಯ್ರೇ, ಬೆಳಿಗ್ಗೆ ಹತ್ತಕ್ಕೇ ಥ್ರೀ ಫೇಸ್ ತೆಗ್ದಿದ್ರಲ್ಲ. ಮಧ್ಯಾಹ್ನ ಒಂದು ಹನಿ ನೀರು ಬಿಟ್ಟವನಲ್ಲ ನಾನು.” ಗೆಳೆಯರ ಮನೆಯ ಇನ್ವರ್ಟರ್ ಆ ಹೊತ್ತಿಗೆ ಆಫ್ ಆಗಿತ್ತು, ಲ್ಯಾಪ್‌ಟಾಪ್ ಹಗಲಿನಲ್ಲಿ ಚಾರ್ಜರ್ ಇಲ್ಲದೆ, ಹೊರಗಿನ ಬ್ಯಾಟರಿಯ ಮೇಲೆ ನಡೆಯುವುದು ಅಲ್ಲಿನ ನಿಯಮ.

ಕಾಡುಹಂದಿಗಳನ್ನು ತಡೆಯಲು ಹಾಕಿರುವ ಸೋಲಾರ್ ಬೇಲಿಯೂ ಇಲ್ಲಿ ಗದ್ದಲದ ಮೂಲವೇ. ಸುಮಾರು ಸೆಕೆಂಡಿಗೊಮ್ಮೆ ತಂತಿಗೆ ಹೋಗುವ ಮಿಡಿತ ಇಡೀ ಪಟ್ಟಿಯುದ್ದಕ್ಕೂ ಒಂದು ಲಂಬ ಗೆರೆ ಎಳೆದು ಹೋಗುತ್ತದೆ. ಸಿಡಿಲಿನ ಗೆರೆಗಳು ಮನಬಂದಂತೆ ಬೀಳುತ್ತವೆ. ಬೇಲಿಯ ಗೆರೆಗಳು ತಾಳ ತಪ್ಪುವುದಿಲ್ಲ. ಆ ತಾಳ ಮಧ್ಯಾಹ್ನದ ದಾಖಲೆಯಲ್ಲಿ ಕಾಣಲಿಲ್ಲ.

ಪ್ರೇಷಕದಲ್ಲೇ ಏನಾದರೂ ಆಗಿರಬಹುದೇ ಎಂಬ ಪ್ರಶ್ನೆ ಬೇಗ ಮುಗಿಯಿತು. ಈ ಕೇಂದ್ರಗಳು ದುರಸ್ತಿಗಾಗಿ ಆಗಾಗ ಪ್ರಸಾರ ನಿಲ್ಲಿಸುತ್ತವೆ. ಆಗ ರೇಖೆ ಒಮ್ಮೆಲೇ ಗದ್ದಲದ ತಳಕ್ಕೆ ಬಿದ್ದು, ಮುಗಿದಾಗ ಒಮ್ಮೆಲೇ ಮೇಲೆ ಬರುತ್ತದೆ. ಇಪ್ಪತ್ತು–ಮೂವತ್ತು ನಿಮಿಷ ಏರಿ, ಗಂಟೆಗಟ್ಟಲೆ ಇಳಿಯುವ ವಕ್ರರೇಖೆಯನ್ನು ಯಾವ ಪ್ರೇಷಕವೂ ತಾನಾಗಿ ಬರೆಯುವುದಿಲ್ಲ.

ನಿಜವಾದ ತೊಡಕು ಬಂದದ್ದು ನಾವು ಸಾಕ್ಷಿಗೆಂದು ಇಟ್ಟುಕೊಂಡಿದ್ದ ಖಾಲಿ ಆವರ್ತನದಿಂದ. ಯಾವ ನಿಲಯವೂ ಇಲ್ಲದ ಒಂದು ಜಾಗದ ಬಲವನ್ನೂ ತಂತ್ರಾಂಶ ಬರೆದಿಡುತ್ತದೆ. ನಿಲಯದ ರೇಖೆ ಏರಿ ಖಾಲಿ ರೇಖೆ ಸುಮ್ಮನಿದ್ದರೆ ಕಾರಣ ದಾರಿಯಲ್ಲಿದೆ, ಎರಡೂ ಒಟ್ಟಿಗೆ ಏರಿದರೆ ಕಾರಣ ತೋಟದ ಗದ್ದಲದಲ್ಲಿದೆ ಎಂಬುದು ಹವ್ಯಾಸಿಗಳು ಸಾಮಾನ್ಯವಾಗಿ ಅನುಸರಿಸುವ ಸೂತ್ರ. ಆ ದಿನ ಖಾಲಿ ರೇಖೆಯೂ ಏರಿತ್ತು. ಸ್ವಲ್ಪವೇ, ಆದರೆ ನಿಸ್ಸಂದೇಹವಾಗಿ. ಸೂತ್ರವನ್ನು ಅಕ್ಷರಶಃ ಹಿಡಿದಿದ್ದರೆ ಇಡೀ ಘಟನೆಯನ್ನು ಸ್ಥಳೀಯ ಗದ್ದಲವೆಂದು ಬರೆದು ಪಕ್ಕಕ್ಕಿಡಬೇಕಿತ್ತು.

ಆದರೆ ಖಾಲಿ ಆವರ್ತನದಲ್ಲಿ ಹಗಲು ಹೊತ್ತು ಕೇಳುವ ಗದ್ದಲವೆಲ್ಲ ಸ್ಥಳೀಯವಲ್ಲ. ಉಷ್ಣವಲಯದ ಯಾವುದೋ ದೂರದ ಮೋಡಗಳಲ್ಲಿ ಬೀಳುವ ಅಸಂಖ್ಯ ಸಿಡಿಲುಗಳ ರೇಡಿಯೋ ಮಿಡಿತಗಳು ಅದರ ದೊಡ್ಡ ಪಾಲು. ಅವೂ ನೆಲ ಮತ್ತು ಡಿ ಪದರಗಳ ನಡುವಿನ ಅದೇ ಎಡೆಯಲ್ಲಿ ಹರಿದು ಬರುತ್ತವೆ. ಪದರ ಗಟ್ಟಿಯಾಗಿ ದಾರಿ ಸುಗಮವಾದರೆ ಎನ್‌ಡಬ್ಲ್ಯೂಸಿ ಸಂಕೇತದಂತೆ ಆ ಸಿಡಿಲುಗಳ ಗದ್ದಲವೂ ಏರಬೇಕು. ಇದು ಹೊಸ ಸಂಗತಿಯೇನಲ್ಲ: 27 ಕಿಲೋಹರ್ಟ್ಸ್ ಆಸುಪಾಸಿನ ಸಿಡಿಲಿನ ಗದ್ದಲ ಹಠಾತ್ತನೆ ಹೆಚ್ಚುವುದನ್ನು ಕಂಡು ಸೂರ್ಯನ ಚಟುವಟಿಕೆಯನ್ನು ಗುರುತಿಸುವ ಪದ್ಧತಿ ಕಳೆದ ಶತಮಾನದಲ್ಲಿಯೇ ಹವ್ಯಾಸಿಗಳಲ್ಲಿ ರೂಢಿಯಲ್ಲಿತ್ತು. ಖಾಲಿ ರೇಖೆಯ ಏರು ಕೂಡ ಮೆಟ್ಟಿಲಾಗಿರದೆ, ನಿಲಯದ ರೇಖೆಯ ಜೊತೆಗೇ ಶುರುವಾಗಿ ಅದರ ಜೊತೆಗೇ ಬಾಗಿದ್ದು ಈ ವಿವರಣೆಗೆ ಸರಿಹೊಂದುತ್ತದೆ. ಖಾಲಿ ಆವರ್ತನವನ್ನು ಸಾಕ್ಷಿಯಾಗಿ ಇಟ್ಟುಕೊಂಡವರು ಅದರ ಮಟ್ಟವನ್ನಷ್ಟೇ ನೋಡದೆ ಆಕಾರವನ್ನೂ ನೋಡಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನ್ನ ಬಳಿ ಇಲ್ಲ.

ಹತ್ತಿರದ ಸಿಡಿಲಿನ ಸಾಧ್ಯತೆ ಉಳಿದಿತ್ತು. ಮೇ ತಿಂಗಳಲ್ಲಿ ಘಟ್ಟದ ಮೇಲೆ ಮಧ್ಯಾಹ್ನದ ನಂತರ ಗುಡುಗು ಮಳೆ ಬರುವುದು ವಾಡಿಕೆ. ಹತ್ತಿರದ ಸಿಡಿಲು ರೇಖೆಯನ್ನು ಮುಳ್ಳುಮುಳ್ಳಾಗಿಸುತ್ತದೆ, ನಯವಾಗಿ ಎತ್ತುವುದಿಲ್ಲ. ಅಲ್ಲದೆ ಹನ್ನೆರಡು ಗಂಟೆಗೆ ಆಕಾಶ ತಿಳಿಯಾಗಿತ್ತು.

ಸೂರ್ಯನ ಕಡೆಗೆ

ಈಶಾನ್ಯದ ಲೂಪ್ ಹಿಡಿದಿದ್ದ 22.2 ಕಿಲೋಹರ್ಟ್ಸ್ ದಾಖಲೆಯನ್ನು ತೆರೆದಾಗ ಪ್ರಕರಣ ಬಹುಮಟ್ಟಿಗೆ ಇತ್ಯರ್ಥವಾಯಿತು. ಬೇರೆ ದೇಶದ ಬೇರೆ ಪ್ರೇಷಕ, ಬೇರೆ ದಿಕ್ಕು, ಬೇರೆ ಆಂಟೆನಾ. ಆದರೂ ಅದೇ ಹೊತ್ತಿಗೆ ಬದಲಾವಣೆ ಶುರುವಾಗಿ, ಅದೇ ಹೊತ್ತಿಗೆ ತುದಿ ಮುಟ್ಟಿತ್ತು. ಪ್ರಮಾಣ ಮಾತ್ರ ಕಡಿಮೆ. ಹಿಂದೂ ಮಹಾಸಾಗರದ ದಾರಿಗೂ ಏಷ್ಯಾ ಖಂಡದ ಮೇಲಿನ ದಾರಿಗೂ ಒಂದೇ ಗಳಿಗೆಯಲ್ಲಿ ಕೈಹಾಕಬಲ್ಲದ್ದು ಸೂರ್ಯ ಮಾತ್ರ.

ಅಮೆರಿಕದ ಗೋಸ್ ಉಪಗ್ರಹಗಳು ಸೂರ್ಯನ ಕ್ಷ-ಕಿರಣವನ್ನು ನಿಮಿಷ ನಿಮಿಷಕ್ಕೂ ಅಳೆಯುತ್ತವೆ ಮತ್ತು ಆ ಮಾಹಿತಿ ಎಲ್ಲರಿಗೂ ಮುಕ್ತವಾಗಿದೆ. ಉಪಗ್ರಹದ ದಾಖಲೆಯನ್ನು ನಾವು ಬೇಕೆಂದೇ ಕೊನೆಯಲ್ಲಿ ನೋಡುತ್ತೇವೆ. ಮೊದಲೇ ನೋಡಿದರೆ ನಮ್ಮ ರೇಖೆಯಲ್ಲಿ ಇಲ್ಲದ್ದೂ ಕಾಣತೊಡಗುತ್ತದೆ. ಅದರಲ್ಲಿ ಆ ದಿನ ಎಕ್ಸ್3.9 ದರ್ಜೆಯ (ಎಕ್ಸ್ ಎಂಬುದು ಅತಿ ತೀವ್ರ ವರ್ಗ) ಸೌರಜ್ವಾಲೆಯೊಂದು, ಅಂದರೆ ಸೂರ್ಯನ ಮೇಲಿನ ಹಠಾತ್ ಸ್ಫೋಟವೊಂದು, ಜಾಗತಿಕ ಕಾಲಮಾನ 6 ಗಂಟೆ 54 ನಿಮಿಷಕ್ಕೆ, ಅಂದರೆ ಭಾರತೀಯ ಕಾಲಮಾನ 12 ಗಂಟೆ 24 ನಿಮಿಷಕ್ಕೆ ತುದಿ ಮುಟ್ಟಿದ್ದು ನಮೂದಾಗಿದೆ. ನಮ್ಮ ರೇಖೆಯ ತುದಿ ಅದಕ್ಕಿಂತ ಕೆಲವು ನಿಮಿಷ ತಡವಾಗಿದೆ, ಮತ್ತು ಆ ತಡವೇ ದಾಖಲೆಗೆ ಬಲ ಕೊಡುತ್ತದೆ. ಕ್ಷ-ಕಿರಣ ಬಂದು ಡಿ ಪದರದಲ್ಲಿ ಎಲೆಕ್ಟ್ರಾನ್‌ಗಳನ್ನು ಬಿಡಿಸುತ್ತದೆ. ಬಿಡುಗಡೆಯಾದವು ಮತ್ತೆ ಸೇರಿಕೊಳ್ಳಲು ಹೊತ್ತು ಬೇಕು. ಆದ್ದರಿಂದ ಕಿರಣದ ತುದಿ ಕಳೆದ ಮೇಲೂ ಎಲೆಕ್ಟ್ರಾನ್‌ಗಳ ಸಂಖ್ಯೆ ಸ್ವಲ್ಪ ಕಾಲ ಏರುತ್ತಲೇ ಇರುತ್ತದೆ, ಇಳಿಯುವಾಗ ಇನ್ನೂ ನಿಧಾನ. ಏರು ಕಡಿದಾಗಿಯೂ ಇಳಿತ ಉದ್ದವಾಗಿಯೂ ಇರುವ ಆಕಾರ ಹುಟ್ಟುವುದು ಹೀಗೆ. ಆ ಹೊತ್ತಿನಲ್ಲಿ ಮರಳಿಕೆಯ ಎತ್ತರ 70 ಕಿಲೋಮೀಟರಿಗಿಂತ ಕೆಳಕ್ಕೆ ಇಳಿದು, ಪದರದ ತಳದ ಅಂಚು ಚೂಪಾಗಿ, ಉದ್ದ ದಾರಿಯ ಅಲೆ ಕಡಿಮೆ ನಷ್ಟದೊಂದಿಗೆ ತಲುಪುತ್ತದೆ.

ಸಮಯದ ಒಂದು ಹೊಂದಿಕೆಯೂ ನಮಗೆ ಅನುಕೂಲವಾಗಿತ್ತು. ಮೇ 10ರಂದು ತೀರ್ಥಹಳ್ಳಿಯಲ್ಲಿ ಸೂರ್ಯ ನೆತ್ತಿಗೆ ಬರುವುದು ಸುಮಾರು 12 ಗಂಟೆ 25 ನಿಮಿಷಕ್ಕೆ, ಅದೂ ನೆತ್ತಿಯಿಂದ ಕೇವಲ ನಾಲ್ಕು ಡಿಗ್ರಿ ಉತ್ತರಕ್ಕೆ ವಾಲಿ. ಜ್ವಾಲೆಯ ಪರಿಣಾಮ ಸೂರ್ಯ ನೇರ ಮೇಲಿರುವ ಕಡೆ ಎಲ್ಲಕ್ಕಿಂತ ಹೆಚ್ಚು. ದಾರಿಯ ನಮ್ಮ ತುದಿಯ ಮೇಲಿನ ಆಕಾಶವೇ ಆ ಕ್ಷಣದಲ್ಲಿ ಜ್ವಾಲೆಗೆ ಎದೆಯೊಡ್ಡಿ ನಿಂತಿತ್ತು.

ಅದೇ ರಾತ್ರಿ ಲಡಾಖಿನ ಹಾನ್ಲೆಯಲ್ಲಿ, ಭಾರತೀಯ ಖಗೋಳ ವೀಕ್ಷಣಾಲಯದ ಕ್ಯಾಮೆರಾಗಳಿಗೆ ಕೆಂಪು ಧ್ರುವಪ್ರಭೆ ಕಂಡಿತು. 2003ರ ಅಕ್ಟೋಬರ್ ನಂತರ ಮೊದಲ ಬಾರಿಗೆ ಭೂಕಾಂತ ಬಿರುಗಾಳಿ (ಸೂರ್ಯನಿಂದ ಬಂದ ವಸ್ತುವಿನಿಂದ ಭೂಮಿಯ ಕಾಂತಕ್ಷೇತ್ರದಲ್ಲಿ ಏಳುವ ಕ್ಷೋಭೆ) ಜಿ5 ಎಂಬ ಅತ್ಯುಚ್ಚ ಮಟ್ಟ ಮುಟ್ಟಿದ ರಾತ್ರಿ ಅದು. ಮಧ್ಯಾಹ್ನದ ಜ್ವಾಲೆಯೇ ರಾತ್ರಿಯ ಪ್ರಭೆಗೆ ಕಾರಣವೆಂದು ಹಲವರು ತಿಳಿದರು, ಹಾಗಲ್ಲ. ಜ್ವಾಲೆಯ ಕ್ಷ-ಕಿರಣ ಬೆಳಕಿನ ವೇಗದಲ್ಲಿ ಎಂಟು ನಿಮಿಷ ಚಿಲ್ಲರೆಯಲ್ಲಿ ಬಂದು ಡಿ ಪದರವನ್ನು ಮುಟ್ಟಿತು. ಧ್ರುವಪ್ರಭೆಯನ್ನು ತಂದ ಕಾವಿನ ವಸ್ತುರಾಶಿ ಸೂರ್ಯನನ್ನು ಬಿಟ್ಟದ್ದು ಅದಕ್ಕೂ ಹಿಂದಿನ ದಿನಗಳಲ್ಲಿ. ಭೂಮಿಯನ್ನು ತಲುಪಲು ಅದಕ್ಕೆ ಒಂದೆರಡು ದಿನ ಬೇಕಾಯಿತು. ಎರಡರ ಮೂಲವೂ 3664 ಎಂಬ ಸಂಖ್ಯೆಯ ಒಂದೇ ಸೌರಕಲೆಗಳ ಗುಂಪು ಎಂಬುದು ಮಾತ್ರ ನಿಜ. ದಾಖಲೆ ಬರೆಯುವಾಗ ಈ ಎರಡನ್ನು ಬೆರೆಸಿದರೆ ಮಧ್ಯಾಹ್ನದ ರೇಖೆಗೆ ಇಲ್ಲದ ಅರ್ಥ ಹಚ್ಚಿದಂತಾಗುತ್ತದೆ.

ಮಾರನೆಯ ಬೆಳಿಗ್ಗೆಯ ಪ್ರಶ್ನೆ

ಮೇ 11ರ ಬೆಳಿಗ್ಗೆ 6 ಗಂಟೆ 53 ನಿಮಿಷಕ್ಕೆ ಅದೇ ಗುಂಪಿನಿಂದ ಎಕ್ಸ್5.8 ದರ್ಜೆಯ ಇನ್ನೂ ದೊಡ್ಡ ಜ್ವಾಲೆ ಬಂತು. ಹಾಗಿದ್ದರೆ ನಮ್ಮ ರೇಖೆಯಲ್ಲಿ ಇನ್ನೂ ದೊಡ್ಡ ಏರು ಕಾಣಬೇಕಿತ್ತು ಎಂದು ನಿರೀಕ್ಷಿಸುವುದು ಸಹಜ. ಕಂಡದ್ದು ಅಷ್ಟು ಸ್ಪಷ್ಟವಲ್ಲ. ಇಲ್ಲಿ ಸೂರ್ಯ ಹುಟ್ಟಿ ಇನ್ನೂ ಒಂದು ಗಂಟೆಯೂ ಆಗಿರಲಿಲ್ಲ. ನಮ್ಮ ತುದಿಯ ಡಿ ಪದರ ಕಟ್ಟಿಕೊಳ್ಳುತ್ತಲೇ ಇತ್ತು, ಮತ್ತು ರೇಖೆ ತನ್ನ ಮುಂಜಾನೆಯ ಕೊನೆಯ ತಗ್ಗಿನಿಂದ ಹೇಗೂ ಮೇಲೇಳುತ್ತಿತ್ತು. ಎಂದಿನ ಏರು ಎಷ್ಟು, ಜ್ವಾಲೆಯ ಏರು ಎಷ್ಟು ಎಂದು ಬೇರ್ಪಡಿಸಲು ಹಿಂದಿನ ಶಾಂತ ದಿನಗಳ ಇದೇ ಹೊತ್ತಿನ ರೇಖೆಗಳ ಸರಾಸರಿ ತೆಗೆದು ಕಳೆದು ನೋಡಬೇಕಾಯಿತು. ಕಳೆದ ಮೇಲೆ ಉಳಿಯುವ ಉಬ್ಬು ಸರಿಯಾದ ಹೊತ್ತಿಗೇ ಬರುತ್ತದೆ. ಆದರೆ ಆ ವಾರದಲ್ಲಿ ಸೂರ್ಯ ಸುಮ್ಮನಿದ್ದ ದಿನಗಳೇ ಅಪರೂಪ; ಶಾಂತ ದಿನಗಳೆಂದು ಆರಿಸಿಕೊಂಡ ದಿನಗಳನ್ನು ಬದಲಿಸಿದರೆ ಉಬ್ಬಿನ ಎತ್ತರವೂ ಬದಲಾಗುತ್ತದೆ. ಮೇಲಾಗಿ ಜೆಜೆಐ ದಾಖಲೆಯಲ್ಲಿ ಆ ಹೊತ್ತಿನ ಭಾಗ ಗದ್ದಲದಿಂದ ತುಂಬಿದೆ: ಬೆಳಿಗ್ಗೆಯ ಥ್ರೀ ಫೇಸ್ ಬಂದು ಕಣಿವೆಯ ಮೋಟಾರುಗಳೆಲ್ಲ ಓಡುತ್ತಿದ್ದ ಹೊತ್ತು ಅದು, ಮತ್ತು ಈಶಾನ್ಯದ ಲೂಪ್ ವಿದ್ಯುತ್ ಮಾರ್ಗದ ಕಡೆಗೇ ಮುಖಮಾಡಿದೆ.

ಆದ್ದರಿಂದ ದಾಖಲೆ ಪುಸ್ತಕದಲ್ಲಿ ಮೇ 10ರ ಘಟನೆಯನ್ನು ಎರಡು ಸ್ವತಂತ್ರ ದಾರಿಗಳಿಂದ ದೃಢಪಟ್ಟದ್ದು ಎಂದೂ, ಮೇ 11ರದ್ದನ್ನು ಒಂದೇ ದಾರಿಯಲ್ಲಿ ಕಂಡ ಸಂಭವನೀಯ ಘಟನೆ ಎಂದೂ ನಮೂದಿಸಿದ್ದೇವೆ. ಈಶಾನ್ಯದ ಲೂಪನ್ನು ಕೊಟ್ಟಿಗೆಯ ಅಟ್ಟದಿಂದ ಇಳಿಸಿ, ತಂತಿಗಳಿಂದ ದೂರವಾಗಿರುವ ಮೇಲಿನ ಸೊಪ್ಪಿನಬೆಟ್ಟದ ಅಂಚಿಗೆ ಸಾಗಿಸಲು ಗೆಳೆಯರು ಒಪ್ಪಿದ್ದಾರೆ. ಮಳೆಗಾಲದ ಗಾಳಿಗೆ ದಬ್ಬೆಯ ಚೌಕಟ್ಟು ಅಲ್ಲಿ ತಾಳುವುದಿಲ್ಲವಾದ್ದರಿಂದ ಆ ಕೆಲಸ ಅಡಿಕೆ ಕೊಯ್ಲು ಮುಗಿದ ಮೇಲೆ ನಡೆಯಲಿದೆ.